ತೊಗಲು ಹದ ಮಾಡಿದ ಕೈಗಳ ಶರಣ: ಕಕ್ಕೇರಿಯ ಡೋಹರ ಕಕ್ಕಯ್ಯ

ಖಾನಾಪುರ ತಾಲ್ಲೂಕಿನ ಕಕ್ಕೇರಿಗೆ ಜಾತ್ರೆಗೆ ಅಂತ ಹೋಗಿ ಬರೋರು ಬಹಳ ಮಂದಿ. ಆದ್ರೆ ಈ ಊರಿಗೆ ಹೆಸರು ಬಂದದ್ದು ತೊಗಲು ಹದ ಮಾಡುವ ಕಾಯಕದ ಶರಣರೊಬ್ಬರಿಂದ ಎಂಬ ನಂಬಿಕೆ ಎಷ್ಟು ಜನರಿಗೆ ಗೊತ್ತು? ಅವರೇ 12ನೇ ಶತಮಾನದ ಡೋಹರ ಕಕ್ಕಯ್ಯ.

ಕಕ್ಕಯ್ಯನವರದ್ದು ಮೂಲತಃ ಮಾಳವ ದೇಶ ಅಂತ ಹೇಳ್ತಾರೆ. ಬಸವಣ್ಣನವರ ಕೀರ್ತಿ ಕೇಳಿ ಕಲ್ಯಾಣಕ್ಕೆ, ಅಂದ್ರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಬಂದರು. ಅಲ್ಲಿಯೂ ಕುಲಕಸುಬು ಬಿಡಲಿಲ್ಲ.

ಡೋಹರರ ಈ ಕಸುಬು ಸುಲಭದ್ದಲ್ಲ. ಹಸಿ ತೊಗಲು ಹಾಗೇ ಬಿಟ್ಟರೆ ಕೊಳೆಯುತ್ತದೆ. ಅದನ್ನು ತೊಳೆದು ಸುಣ್ಣದ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಬೇಕು. ಕೂದಲು ಸಡಿಲಾದ ಮೇಲೆ ಹೆರೆದು ತೆಗೀಬೇಕು. ಒಳಮಗ್ಗುಲಿಗೆ ಅಂಟಿದ ಮಾಂಸ, ಕೊಬ್ಬನ್ನೂ ಕೆರೆಯಬೇಕು. ಸುಣ್ಣ ಹೋಗುವ ಹಾಗೆ ಮತ್ತೆ ತೊಳೆದು, ಜಾಲಿ ಇಲ್ಲವೇ ತಂಗಡಿ ತೊಗಟೆ, ಅಳಲೆಕಾಯಿ ಕುಟ್ಟಿ ಹಾಕಿದ ನೀರಿನಲ್ಲಿ ಇಡಬೇಕು. ದೊಡ್ಡ ತೊಗಲಾದರೆ ಅದನ್ನೇ ಚೀಲದ ಹಾಗೆ ಹೊಲಿದು ತೂಗುಹಾಕಿ, ಒಳಗೆ ತೊಗಟೆ ನೀರು ತುಂಬುತ್ತಿದ್ದರು. ತೊಗಟೆಯ ಒಗರು ತೊಗಲಿನ ಎಳೆ ಎಳೆಗೂ ಹಿಡಿದರೆ ಅದು ಬೇಗ ಕೊಳೆಯಲ್ಲ. ಇಷ್ಟಕ್ಕೆ ವಾರಗಳೇ ಬೇಕು. ಸುಣ್ಣಕ್ಕೆ ಕೈ ಸುಟ್ಟು ಬಿರಿಯುತ್ತದೆ, ವಾಸನೆ ಮೈಬಿಟ್ಟು ಹೋಗಲ್ಲ.

ಬಾವಿಯಿಂದ ಎತ್ತುಗಳು ನೀರೆಳೆಯುವ ಚೀಲ, ಬಾರುಕೋಲಿನ ಬಾರು, ಕಾಲಿನ ಚಪ್ಪಲಿ ಎಲ್ಲಕ್ಕೂ ಈ ತೊಗಲೇ ಆಗಬೇಕು. ಊರಿಗೆ ತೊಗಲು ಬೇಕಿತ್ತು, ಹದ ಮಾಡಿದವರು ಮಾತ್ರ ಊರ ಹೊರಗೆ!

ಕಲ್ಯಾಣದಲ್ಲಿ ಅದೇ ಕೈಗೆ ಇಷ್ಟಲಿಂಗ ಬಂತು. ಬಸವಣ್ಣನವರು ತಮ್ಮ ವಚನದಲ್ಲಿ ಕಕ್ಕಯ್ಯನವರನ್ನು ತಂದೆಯ ಸ್ಥಾನದಲ್ಲಿಟ್ಟರು. ಕಕ್ಕಯ್ಯನವರ ಅಂಕಿತ ಅಭಿನವ ಮಲ್ಲಿಕಾರ್ಜುನ. ಈಗ ಸಿಕ್ಕಿರುವ ಅವರ ವಚನಗಳು ಬೆರಳೆಣಿಕೆಯಷ್ಟು. ಹುಟ್ಟಿದ ಕುಲದ ನೋವು, ಮುಟ್ಟಬಾರದು ಎಂಬ ಕಟ್ಟಳೆಯ ಸಂಕಟ ಅವುಗಳಲ್ಲಿದೆ.

ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾದಾಗ ಬಿಜ್ಜಳನ ಆಸ್ಥಾನ ಕೆರಳಿತು. ಬೀಗರಿಬ್ಬರಿಗೂ ಮರಣದಂಡನೆಯಾಯ್ತು. ಶರಣರು ಕಲ್ಯಾಣ ಬಿಟ್ಟರು. ಚನ್ನಬಸವಣ್ಣನವರ ಜೊತೆ ಒಂದು ತಂಡ ವಚನದ ಕಟ್ಟುಗಳನ್ನು ಹೊತ್ತು ಉಳವಿ ಕಾಡಿನ ಕಡೆ ಹೊರಟಿತು. ಬೆನ್ನಟ್ಟಿದ ಸೈನ್ಯವನ್ನು ತಡೆಯಲು ಕಕ್ಕಯ್ಯನವರು ಕತ್ತಿ ಹಿಡಿದರು. ಉಳವಿ ಮುಟ್ಟುವ ಮೊದಲೇ, ಕಕ್ಕೇರಿಯಲ್ಲಿ ಕಾದಾಡುತ್ತಾ ಪ್ರಾಣ ಬಿಟ್ಟರು ಎಂಬುದು ಪರಂಪರೆಯ ಮಾತು. ಅವರ ಸಮಾಧಿ ಇರುವುದೂ ಅಲ್ಲೇ.

ಪ್ರತಿವರ್ಷ ಫೆಬ್ರುವರಿಯಲ್ಲಿ ನಡೆಯುವ ಕಾಯಕ ಶರಣರ ಜಯಂತಿಯಲ್ಲಿ ಕಕ್ಕಯ್ಯನವರ ಫೋಟೋಕ್ಕೂ ಹೂವಿನ ಹಾರ ಬೀಳುತ್ತದೆ. ಕಕ್ಕೇರಿ ದಾರಿಯಲ್ಲಿ ಹೋಗುವವರು ಒಂದು ಗಳಿಗೆ ಅವರ ಸಮಾಧಿಯ ಹತ್ತಿರವೂ ನಿಂತು ಬರಬಹುದು. ವಚನಗಳ ಕಟ್ಟು ಉಳವಿ ಸೇರಲಿ ಅಂತ ಜೀವ ಕೊಟ್ಟವರು ಮಲಗಿರುವ ಜಾಗ ಅದು.