ಬಂಡಿಯ ಹಳೆಯ ಗಾಲಿ: ವಿಖರ್ನರ ಚರಿತ್ರೆ

ಅಕ್ಕಿಆಲೂರಿನ ಸುತ್ತಣ ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿದು ಕಣಗಳಲ್ಲಿ ರಾಶಿಯಾಗುವ ಹೊತ್ತಿಗೆ ಕ್ರಿಸ್ತಜಯಂತಿಯೂ ಸಮೀಪಿಸುತ್ತದೆ. ರಾಶಿಯುಳ್ಳವನಿಗೆ ಹಬ್ಬವು ಸುಗ್ಗಿಯ ಸಂಗಡ ಬರುವದು. ಕೂಲಿಯಿಂದ ಜೀವಿಸುವ ನಮ್ಮ ಸಭೆಯವರಿಗಾದರೋ ಅದು ಸಾಲದ ಚೀಟಿಯ ಸಂಗಡ ಬರುವದುಂಟು. ಮಕ್ಕಳಿಗೆ ಹೊಸ ಅಂಗಿ, ನೆಂಟರಿಗೆ ಕೊಡುಗೆ ಎಂದು ಅಂಗಡಿಯಿಂದ ಉದ್ರಿ ತಂದು, ಯುಗಾದಿಯ ವರೆಗೂ ಅದನ್ನು ತೀರಿಸುತ್ತಿರುವವರನ್ನು ನಾವು ಬಲ್ಲೆವು. ಪರರ ಮಾತು ಯಾಕೆ? ನಾವೇ ಒಂದು ವರುಷ ಹೀಗೆ ಮಾಡಿ, ಹಬ್ಬದ ಮುಂಜಾನೆ ಗೋದಲಿಯಲ್ಲಿ ಮಲಗಿದ ರಕ್ಷಕನ ಬಡತನವನ್ನು ಕುರಿತು ಉಪದೇಶಿಸುತ್ತಿರುವಾಗ, ಎದುರಿಗೆ ಕುಳಿತಿದ್ದ ನಮ್ಮ ಮಗನ ಉದ್ರಿಯ ಅಂಗಿಯ ಮೇಲೆ ಕಣ್ಣು ಬಿದ್ದು ಮಾತು ತಡವರಿಸಿತು. ಆ ದಿನದಿಂದ ಯೋಹಾನ್ ಹಿನ್ರಿಖ್ ವಿಖರ್ನರ ಚರಿತ್ರೆಯು ನಮ್ಮ ಮನಸ್ಸಿಗೆ ಹೆಚ್ಚು ಹತ್ತಿರವಾಯಿತು. ಅದನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ.

ಜರ್ಮನ ದೇಶದಲ್ಲಿ ಎಲ್ಬೆ ಎಂಬ ಹೊಳೆಯ ಮೇಲೆ ಹಾಂಬುರ್ಗ್ ಎಂಬ ದೊಡ್ಡ ರೇವುಪಟ್ಟಣವಿರುತ್ತದೆ. ವಿಖರ್ನರು ಅಲ್ಲಿ 1808ನೆಯ ಇಸವಿಯ ಏಪ್ರಿಲ್ 21ರಂದು ಹುಟ್ಟಿದರು. ಏಳು ಮಂದಿ ಮಕ್ಕಳಲ್ಲಿ ಇವರೇ ಹಿರಿಯರು. 1823ರಲ್ಲಿ ತಂದೆಯು ತೀರಿಹೋಗಲು, ಹದಿನೈದು ವರುಷದ ಹುಡುಗನ ಮೇಲೆ ಮನೆಯ ಭಾರವು ಬಿದ್ದಿತು. ಅವರು ಬೇರೆಯವರ ಮಕ್ಕಳಿಗೆ ಪಾಠ ಹೇಳಿ ತಾಯಿಗೆ ನೆರವಾದರು. ಒಳ್ಳೇ ಜನರ ಸಹಾಯದಿಂದ ಗ್ಯೊಟ್ಟಿಂಗೆನ್ ಮತ್ತು ಬರ್ಲಿನ್ ಪಟ್ಟಣಗಳಲ್ಲಿ ದೈವಶಾಸ್ತ್ರವನ್ನು ಕಲಿತು ಊರಿಗೆ ಹಿಂತಿರುಗಿದ ಮೇಲೆ, ಬಡವರ ಕೇರಿಯಲ್ಲಿ ಆದಿತ್ಯವಾರದ ಶಾಲೆಯ ಕೆಲಸವು ಅವರಿಗೆ ದೊರೆಯಿತು. ಶಾಲೆಗೆ ಬರುವ ಮಕ್ಕಳನ್ನು ಹಿಂಬಾಲಿಸಿ ಅವರ ಮನೆಗಳಿಗೆ ಹೋದಾಗಲೇ ಅವರ ಕಣ್ಣು ತೆರೆಯಿತು. ಬೆಳಕಿಲ್ಲದ ಕೋಣೆಗಳು, ಕುಡುಕರಾದ ತಂದೆಗಳು, ಭಿಕ್ಷೆಗೂ ಕಳವಿಗೂ ಕಲಿಸಲ್ಪಟ್ಟ ಎಳೆಯ ಮಕ್ಕಳು. ವಾರಕ್ಕೊಂದು ತಾಸಿನ ಪಾಠದಿಂದ ಇವರ ಬಾಳು ತಿರುಗದೆಂದು ಅವರು ನಿಶ್ಚಯಿಸಿದರು.

ಹೀಗಿರಲಾಗಿ ಜೀವೆಕಿಂಗ್ ಎಂಬ ಪಟ್ಟಣದ ಅಧಿಕಾರಿಯು ಹಾರ್ನ್ ಎಂಬ ಹಳ್ಳಿಯಲ್ಲಿದ್ದ ತನ್ನ ಹುಲ್ಲುಮಾಡಿನ ಮನೆಯೊಂದನ್ನು ಅವರಿಗೆ ಒಪ್ಪಿಸಿದನು. ಅದಕ್ಕೆ ರೌಹೆಸ್ ಹೌಸ್ ಎಂದು ಹೆಸರು. ವಿಖರ್ನರು 1833ರಲ್ಲಿ ತಮ್ಮ ತಾಯಿಯನ್ನೂ ತಂಗಿಯನ್ನೂ ಕರೆದುಕೊಂಡು ಅಲ್ಲಿ ವಾಸಕ್ಕೆ ಹೋದರು. ಆ ವರುಷವು ಮುಗಿಯುವಷ್ಟರಲ್ಲಿ ಹನ್ನೆರಡು ಹುಡುಗರು ಆ ಮಾಡಿನ ಕೆಳಗೆ ಸೇರಿದ್ದರು. ಅಲ್ಲಿ ಎತ್ತರದ ಗೋಡೆಯಾಗಲಿ ಕಬ್ಬಿಣದ ಅಗುಳಿಯಾಗಲಿ ಇರಲಿಲ್ಲ. ಬಂದವನ ಹಿಂದಣ ತಪ್ಪುಗಳು ಕ್ಷಮಿಸಲ್ಪಟ್ಟವೆಂದು ಬಾಗಿಲಲ್ಲಿಯೇ ತಿಳಿಸುತ್ತಿದ್ದರು. ಹುಡುಗರು ಹೆಚ್ಚಾಗಲು, ಹನ್ನೆರಡರಷ್ಟು ಮಂದಿಯನ್ನು ಒಂದು ಕುಟುಂಬವೆಂದು ಮಾಡಿ, ಒಬ್ಬ ಸಹೋದರನ ವಶಕ್ಕೆ ಕೊಟ್ಟರು. ಮರಗೆಲಸ, ಚಮ್ಮಾರಿಕೆ, ಹೊಲಿಗೆ, ತೋಟಗೆಲಸ, ಇವುಗಳನ್ನು ಎಲ್ಲರೂ ಕಲಿಯಬೇಕು. ಕೈಯಿಂದ ಮಾಡಿದ ವಸ್ತುವಿನ ಮರ್ಯಾದೆಯು ಆ ಮನೆಯಲ್ಲಿ ಹೀಗೆ ಬೆಳೆಯಿತು.

ಈ ಮಕ್ಕಳು ಕೊಟ್ಟ ಮಾತು ನಡೆಯುವದನ್ನು ಕಂಡವರಲ್ಲ. ನಾಳೆ ಎಂಬ ಶಬ್ದವು ಅವರಿಗೆ ಮೋಸದ ಶಬ್ದವಾಗಿತ್ತು. ಆದ್ದರಿಂದ ಕ್ರಿಸ್ತಜಯಂತಿಯು ಬರುವದೆಂದು ಹೇಳಿದಾಗ, ಅದು ಇಂದೋ ನಾಳೆಯೋ ಎಂದು ದಿನಾಲು ಕೇಳಿ ಕೇಳಿ ದೊಡ್ಡವರನ್ನು ಬೇಸರಗೊಳಿಸುತ್ತಿದ್ದರಂತೆ. ಅವರಿಗೆ ಆಟಿಕೆಗಳನ್ನು ಕೊಂಡು ತಂದು ಸುಮ್ಮನಿರಿಸುವಷ್ಟು ಹಣವು ಧರ್ಮದಿಂದ ನಡೆಯುವ ಮನೆಯಲ್ಲಿ ಎಲ್ಲಿಯದು? 1839ರಲ್ಲಿ ವಿಖರ್ನರು ಬಂಡಿಯ ಹಳೆಯದೊಂದು ಗಾಲಿಯನ್ನು ತೆಗೆದುಕೊಂಡು, ಅದರ ಸುತ್ತಲೂ ಮೇಣದ ಬತ್ತಿಗಳನ್ನು ನಿಲ್ಲಿಸಿ, ಪ್ರಾರ್ಥನೆಯ ಕೋಣೆಯಲ್ಲಿ ತೂಗಹಾಕಿದರು. ದೊಡ್ಡ ಬಿಳಿಯ ಬತ್ತಿಗಳು ನಾಲ್ಕು, ಸಣ್ಣ ಕೆಂಪು ಬತ್ತಿಗಳು ಇಪ್ಪತ್ತು. ಆದಿತ್ಯವಾರಕ್ಕೆ ಬಿಳಿಯದು, ಮಿಕ್ಕ ದಿನಗಳಿಗೆ ಕೆಂಪಿನದು, ಹೀಗೆ ದಿನಕ್ಕೊಂದನ್ನು ಹೆಚ್ಚಾಗಿ ಹೊತ್ತಿಸುವದು. ಆ ವರುಷ ಆಗಮನಕಾಲದ ಮೊದಲನೆಯ ಆದಿತ್ಯವಾರವು ಡಿಸೆಂಬರ್ 1ರಂದು ಬಿದ್ದದ್ದರಿಂದ, ಹಬ್ಬದ ಮುಂಚಿನ ದಿನದ ವರೆಗೆ ಸರಿಯಾಗಿ 24 ದಿನಗಳು. ಲೆಕ್ಕವು ಪ್ರತಿ ವರುಷ ಇಷ್ಟೇ ಇರುವದಿಲ್ಲ. ಆದಿತ್ಯವಾರಗಳು ಬೀಳುವ ಪ್ರಕಾರ ಸಣ್ಣ ಬತ್ತಿಗಳು 18ಕ್ಕೆ ಇಳಿಯುವವು, ಇಲ್ಲವೆ 24ಕ್ಕೆ ಏರುವವು.

ಎಣಿಕೆ ಬಾರದ ಹುಡುಗನೂ ಆ ಗಾಲಿಯನ್ನು ನೋಡಿ ಎಣಿಸಲು ಕಲಿತಿರಬೇಕು. ಹೊತ್ತದೆ ಉಳಿದ ಬತ್ತಿಗಳೆಷ್ಟೋ ಕಾಯಬೇಕಾದ ದಿನಗಳೂ ಅಷ್ಟೇ. ದಿನವೂ ಒಂದು ಕಡಿಮೆಯಾಗುತ್ತಿತ್ತು, ಯಾರೂ ವಂಚಿಸುತ್ತಿರಲಿಲ್ಲ. ಇಪ್ಪತ್ತನಾಲ್ಕು ಬತ್ತಿಗಳಿಗೂ ಬೆಲೆಯುಂಟೆಂದು ಯಾರಾದರೂ ಆಕ್ಷೇಪಿಸಬಹುದು, ಅದು ನಿಜವೇ. ಆದರೂ ಮನೆಯ ಸಮಸ್ತ ಮಕ್ಕಳಿಗೂ ಸೇರಿ ಒಂದೇ ಕೊಡುಗೆ, ಮತ್ತು ಅದು ಹಬ್ಬದ ಒಂದೇ ದಿನಕ್ಕಲ್ಲ, ಹೆಚ್ಚುಕಡಿಮೆ ತಿಂಗಳೆಲ್ಲಾ ಬರುವಂಥದು ಎಂಬದನ್ನು ನಾವು ಮರೆಯಲಾಗದು.

ನಮ್ಮ ಸೀಮೆಯವರು ಮತ್ತೊಂದು ಮಾತನ್ನು ಗಮನಿಸಬೇಕು. ಬಾಸೆಲ್ ಮಿಶನಿನವರು ಹುಬ್ಬಳ್ಳಿಯಲ್ಲಿ ನೆಲೆ ಮಾಡಿದ್ದು ಇದೇ 1839ರಲ್ಲಿ. ಧಾರವಾಡಕ್ಕೆ ಬಂದು ಆಗ ಎರಡು ವರುಷವಾಗಿತ್ತು. ಕೆಲವರು ದೂರದೇಶಕ್ಕೆ ಸುವಾರ್ತೆಯನ್ನು ಒಯ್ಯುತ್ತಿರಲಾಗಿ, ವಿಖರ್ನರು ಸ್ವಂತ ಬಾಗಿಲಿನ ಮುಂದೆ ಬಿದ್ದವರನ್ನು ಎತ್ತುತ್ತಿದ್ದರು. 1848ರಲ್ಲಿ ವಿಟ್ಟೆನ್‌ಬರ್ಗಿನಲ್ಲಿ ಕೂಡಿದ ಸಭೆಯ ಮುಂದೆ ಇದನ್ನೇ ವಾದಿಸಿ, ಸ್ವದೇಶದ ಬಡವರ ಸೇವೆಗೆ ಒಳಮಿಶನ್ ಎಂಬ ದೊಡ್ಡ ಕಾರ್ಯವನ್ನು ಹುಟ್ಟಿಸಿದರು. ಮುಂದೆ ಪ್ರಷ್ಯ ರಾಜ್ಯದಲ್ಲಿ ಸೆರೆಮನೆಗಳ ಸುಧಾರಣೆಗೂ ದುಡಿದರು. ಬಹುಕಾಲ ರೋಗದಿಂದ ಬಳಲಿ, 1881ರ ಏಪ್ರಿಲ್ 7ರಂದು ನಿದ್ರೆಹೋದರು. ಗಾಲಿಗೆ ಹಸುರು ಟೊಂಗೆಗಳನ್ನು ಸುತ್ತುವ ಪದ್ಧತಿಯು ಬಳಿಕ ಬಂದಿತು. ಕೆಂಪು ಬತ್ತಿಗಳು ಬಿಟ್ಟುಹೋಗಿ, ಆದಿತ್ಯವಾರಗಳ ನಾಲ್ಕು ಮಾತ್ರ ಉಳಿದು, ಅದು ಲೋಕದ ಅನೇಕ ಸಭೆಗಳಲ್ಲಿ ಹರಡಿತು. ಪಟ್ಟಣದ ದೇವಾಲಯಗಳಲ್ಲಿ ಅದನ್ನು ನೋಡಿದವರು ನಿಮ್ಮಲ್ಲಿಯೂ ಇರುವರು. ಅದು ದಿಕ್ಕಿಲ್ಲದ ಹುಡುಗರ ಗಾಲಿಯೆಂದು ತಿಳಿದವರು ಕಡಿಮೆ.

ಹೋದ ವರುಷ ನಮ್ಮ ಸಣ್ಣ ಸಭೆಯಲ್ಲಿಯೂ ಇದನ್ನು ಮಾಡಿ ನೋಡಿದೆವು. ಅರೆ ಮುರಿದು ಹಿತ್ತಲಲ್ಲಿ ಬಿದ್ದಿದ್ದ ಗಾಲಿಯನ್ನು ಒಬ್ಬ ಸಹೋದರನು ಕೊಟ್ಟನು. ಬಣವೆಗಳು ಹತ್ತಿರವಿದ್ದ ಕಾರಣ ಅದನ್ನು ತೂಗಹಾಕದೆ, ಪ್ರಾರ್ಥನಾಮಂದಿರದ ಒಳಗೆ ಮರಳಿನ ಮೇಲೆ ಮಲಗಿಸಿದೆವು. ಮೇಣದ ಬತ್ತಿಗೆ ಬದಲಾಗಿ ಮಕ್ಕಳು ಕೆರೆಯ ಮಣ್ಣಿನಿಂದ ಹಣತೆಗಳನ್ನು ಮಾಡಿದರು. ಮೊದಲು ಮಾಡಿದವು ಬಿಸಿಲಲ್ಲಿ ಒಣಗಿದ್ದಷ್ಟೇ, ಎಣ್ಣೆಯನ್ನೆಲ್ಲಾ ಹೀರಿಬಿಟ್ಟವು. ಆ ಮೇಲೆ ಕುಂಬಾರನ ಆವಿಗೆಯಲ್ಲಿ ಸುಡಿಸಿದೆವು. ಎಣ್ಣೆಯನ್ನು ಸರದಿಯ ಪ್ರಕಾರ ಮನೆಗೊಂದು ಸೌಟು ತಂದರು. ಒಬ್ಬ ವಿಧವೆಯು ತನ್ನ ಸರದಿಯನ್ನು ಬಿಡಬೇಕೆಂದರೂ ಒಪ್ಪದೆ, ಹಳೆಯ ಸೀರೆಯ ಅಂಚನ್ನು ಹರಿದು ಎಲ್ಲಾ ದಿನಗಳ ಬತ್ತಿಗಳನ್ನು ತಾನೇ ಹೊಸೆದು ಕೊಟ್ಟಳು. ಆ ಹಬ್ಬಕ್ಕೆ ನಮ್ಮ ಮಗನು ತೊಟ್ಟದ್ದು ಒಗೆದ ಹಳೇ ಅಂಗಿ. ಅವನು ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ, ಕಡೇ ಹಣತೆಯನ್ನು ಹೊತ್ತಿಸುವ ಸರದಿಯು ಅವನದಾಗಿತ್ತು.

ಗಾಲಿಯು ಈಗ ಮಂದಿರದ ಹಿಂದಣ ಗೋಡೆಗೆ ಆತುಕೊಂಡಿದೆ. ಈ ಸಾರಿ ಹಣತೆಗಳೆಷ್ಟು ಬೇಕೆಂದು ಮಕ್ಕಳು ಕ್ಯಾಲೆಂಡರ್ ನೋಡಿ ಆಗಲೇ ಎಣಿಸಿಟ್ಟಿದ್ದಾರೆ.