ಎತ್ತರಕ್ಕೆ ಬೆಲೆ ಕಟ್ಟಿದ ದಿವಾನ

ಕುಣಿಗಲ್ ತಾಲ್ಲೂಕಿನ ಯಡಿಯೂರಿಗೆ ಸಿದ್ಧಲಿಂಗೇಶ್ವರರ ದರ್ಶನಕ್ಕೆ ಬಂದವರಲ್ಲಿ ಅನೇಕರು ಸಮೀಪದ ಮಾರ್ಕೋನಹಳ್ಳಿ ಜಲಾಶಯವನ್ನೂ ಕಂಡು ಹೋಗುತ್ತಾರೆ. ಅಲ್ಲಿನ ಶಿಂಷಾ ನದಿ ಮುಂದೆ ಶಿವನಸಮುದ್ರ ಜಲಪಾತದ ಕೆಳಭಾಗದಲ್ಲಿ ಕಾವೇರಿಯನ್ನು ಕೂಡುತ್ತದೆ. ಆ ಜಲಪಾತದ ಎತ್ತರವನ್ನೇ ಸಂಪತ್ತೆಂದು ಗ್ರಹಿಸಿದವರು ಮೈಸೂರಿನ ದಿವಾನ ಸರ್ ಕೆ. ಶೇಷಾದ್ರಿ ಅಯ್ಯರ್.

1845ರಲ್ಲಿ ಪಾಲ್ಘಾಟ್ ಸೀಮೆಯಲ್ಲಿ ಜನಿಸಿದ ಅವರು 1868ರಲ್ಲಿ ಮೈಸೂರಿನ ಸೇವೆಗೆ ಸೇರಿದರು. ರಂಗಾಚಾರ್ಲು ಅವರ ನಿಧನದ ನಂತರ 1883ರಲ್ಲಿ ದಿವಾನರಾಗಿ ಹದಿನೆಂಟು ವರ್ಷ ಆಡಳಿತ ನಡೆಸಿದರು. ಹೆಸರಘಟ್ಟದಿಂದ ಬೆಂಗಳೂರಿಗೆ ನೀರು, ಮಾರಿಕಣಿವೆ ಅಣೆಕಟ್ಟೆಯ ಆರಂಭ, 1898ರ ಪ್ಲೇಗಿನ ನಿರ್ವಹಣೆ ಎಲ್ಲವೂ ಅವರ ಕಾಲದವು. ಆದರೆ ಅವರ ದೊಡ್ಡ ಸಾಹಸ ಶಿವನಸಮುದ್ರವೇ.

ಅದರ ಹಿಂದಿನ ತತ್ತ್ವ ಶಾಲಾ ಮಕ್ಕಳಿಗೂ ತಿಳಿದದ್ದು. ಮೇಲಕ್ಕೆ ಎಸೆದ ಕಲ್ಲಿನ ಚಲನಶಕ್ತಿ ಏರುತ್ತಾ ಕುಗ್ಗಿ ಪ್ರಚ್ಛನ್ನ ಶಕ್ತಿಯಾಗುತ್ತದೆ. ತುದಿಯಲ್ಲಿ ಕಲ್ಲು ಕ್ಷಣಕಾಲ ನಿಂತು, ಇಳಿಯುವಾಗ ಆ ಸಾಲವನ್ನು ಪೂರ್ತಿ ಮರಳಿಸುತ್ತದೆ. ಗಾಳಿಯ ತಡೆಯನ್ನು ಬಿಟ್ಟರೆ, ಎಸೆದ ವೇಗದಲ್ಲೇ ಅದು ಕೈಗೆ ಹಿಂದಿರುಗುತ್ತದೆ. ಕಲ್ಲು ಚಿಕ್ಕದೋ ದೊಡ್ಡದೋ ಎಂಬುದು ಈ ಲೆಕ್ಕಕ್ಕೆ ಬೇಕಿಲ್ಲ. 400 ಅಡಿ ಎತ್ತರಕ್ಕೆ ಕಲ್ಲು ಎಸೆಯಬೇಕಾದರೆ ಗಂಟೆಗೆ ಸುಮಾರು 175 ಕಿ.ಮೀ. ವೇಗ ಬೇಕು. 2003ರ ವಿಶ್ವಕಪ್‌ನಲ್ಲಿ ಶೋಯೆಬ್ ಅಖ್ತರ್ ಎಸೆದ ದಾಖಲೆಯ ಚೆಂಡಿನ ವೇಗವೇ 161 ಕಿ.ಮೀ. ಆಗಿತ್ತು! ಶಿವನಸಮುದ್ರದಲ್ಲಿ ಕಾವೇರಿ ಇಳಿಯುವುದು ಹೆಚ್ಚುಕಡಿಮೆ ಅಷ್ಟೇ ಎತ್ತರದಿಂದ. ಅಲ್ಲಿ ನೀರನ್ನು ಮೇಲೇರಿಸುವ ಶ್ರಮ ಸೂರ್ಯನದು. ಮನುಷ್ಯ ಮಾಡಬೇಕಾದದ್ದು, ಇಳಿಯುವ ನೀರನ್ನು ಕೊಳವೆಗೆ ಹಾಯಿಸಿ ಟರ್ಬೈನ್ ತಿರುಗಿಸುವುದು ಮಾತ್ರ.

ಕೋಲಾರದ ಚಿನ್ನದ ಗಣಿಗಳಿಗೆ ಯಂತ್ರ ನಡೆಸಲು ಅಗ್ಗದ ಶಕ್ತಿ ಬೇಕಿತ್ತು. ಆದರೆ ಗಣಿ ಇದ್ದದ್ದು 92 ಮೈಲಿ ದೂರದಲ್ಲಿ. ಅಷ್ಟು ದೂರ ವಿದ್ಯುತ್ ಸಾಗಿಸಿದ ಅನುಭವ ಭಾರತದಲ್ಲಿ ಆಗ ಯಾರಿಗೂ ಇರಲಿಲ್ಲ. ತಂತಿಯಲ್ಲಿ ಒಂದಿಷ್ಟು ಶಕ್ತಿ ಶಾಖವಾಗಿ ಸೋರುವುದೂ ಖಚಿತ. ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಅವರ ಯೋಜನೆಯನ್ನು ನಂಬಿ ದಿವಾನರು ಸಂಸ್ಥಾನದ ಬೊಕ್ಕಸದ ಹಣವನ್ನೇ ಪಣಕ್ಕಿಟ್ಟರು. ಲೆಕ್ಕ ತಪ್ಪಿದ್ದರೆ ನಷ್ಟ ತೆರಬೇಕಾದವರು ಪ್ರಜೆಗಳೇ.

ಫಲ ಕಾಣುವ ಭಾಗ್ಯ ಅವರಿಗಿರಲಿಲ್ಲ. ಅನಾರೋಗ್ಯದಿಂದ 1901ರಲ್ಲಿ ಅಧಿಕಾರ ಬಿಟ್ಟ ಅವರು ಅದೇ ವರ್ಷ ಸೆಪ್ಟೆಂಬರ್ 13ರಂದು ತೀರಿಕೊಂಡರು. ಕಾವೇರಿಯ ವಿದ್ಯುತ್ ಕೋಲಾರ ಮುಟ್ಟಿದ್ದು 1902ರ ಜೂನ್ 30ರಂದು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ.