ಸರ್ ಎಂ. ವಿಶ್ವೇಶ್ವರಯ್ಯ: ಹೈದರಾಬಾದ್ ಸಂಸ್ಥಾನದಲ್ಲಿ ಸಲ್ಲಿಸಿದ ಸೇವೆ

ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರನ್ನು (1861–1962) ನಾಡಿನ ಜನತೆ ಕನ್ನಂಬಾಡಿಯಿಂದ ಬಲ್ಲರು. ನಿಜಾಮರ ಕಾಲದ ಐವಾನ್-ಎ-ಶಾಹಿ ಇರುವ ಕಲಬುರಗಿಯೂ ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನಕ್ಕೆ ಅವರು ಸಲ್ಲಿಸಿದ ಸೇವೆ ಅಷ್ಟಾಗಿ ಪ್ರಚಾರ ಪಡೆದಿಲ್ಲ.

1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿಯ ಪ್ರವಾಹಕ್ಕೆ ಹೈದರಾಬಾದ್ ನಗರದ ಸಾವಿರಾರು ಜನರು ಬಲಿಯಾದರು. ಆಗ ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ್ ಸರ್ಕಾರವು ಆಹ್ವಾನಿಸಿತು. 1909ರಲ್ಲಿ ಪರಿಶೀಲನೆ ಕೈಗೊಂಡ ಅವರು, ನೀರು ನಗರವನ್ನು ತಲುಪುವ ಮುನ್ನವೇ ಅದನ್ನು ತಡೆಯಲು ಮೇಲ್ಭಾಗದಲ್ಲಿ ಜಲಾಶಯಗಳನ್ನು ನಿರ್ಮಿಸುವಂತೆ ಸೂಚಿಸಿದರು. ಇದರೊಂದಿಗೆ ಒಳಚರಂಡಿ ಯೋಜನೆಯನ್ನೂ ಸಿದ್ಧಪಡಿಸಿದರು.

ಉಸ್ಮಾನ್ ಸಾಗರವು 1920ರಲ್ಲಿ, ಹಿಮಾಯತ್ ಸಾಗರವು 1927ರಲ್ಲಿ ಪೂರ್ಣಗೊಂಡವು. ಪ್ರವಾಹ ನಿಯಂತ್ರಣಕ್ಕೆಂದು ಕಟ್ಟಿದ ಈ ಜಲಾಶಯಗಳೇ ನಗರಕ್ಕೆ ಕುಡಿಯುವ ನೀರನ್ನೂ ಒದಗಿಸಿದವು. ನೆಲದಡಿಯ ಕೆಲಸ ಕಣ್ಣಿಗೆ ಕಾಣದ್ದರಿಂದಲೋ ಏನೋ, ಒಳಚರಂಡಿ ಕಾಮಗಾರಿಯನ್ನು ಮಾತ್ರ ಹಲವು ವರ್ಷಗಳ ನಂತರ ಕೈಗೆತ್ತಿಕೊಳ್ಳಲಾಯಿತು.